ಮಾಡಿದ್ದನ್ನು ಎಲ್ಲಿ ಉಣ್ಣಬೇಕು?

'ಮಾಡಿದ್ದುಣ್ಣೋ ಮಹಾರಾಯ' ಎಂಬ ಮಾತು ಮೈಸೂರಿನವರ ನಾಲಗೆಗೆ ಬಲು ಹತ್ತಿರದ್ದು. ಎಂ. ಎಸ್. ಪುಟ್ಟಣ್ಣನವರು 1915ರಲ್ಲಿ ಅದನ್ನೇ ತಮ್ಮ ಕಾದಂಬರಿಗೆ ಹೆಸರಾಗಿ ಇಟ್ಟ ಮೇಲಂತೂ ಗಾದೆಗೆ ಸಾಹಿತ್ಯದ ಮರ್ಯಾದೆಯೂ ಸಂದಿತು. ಈಚೆಗೆ ಆ ಮಾತನ್ನು ನಾನು ಕೇಳುತ್ತಿರುವುದು ಬೇರೊಂದು ಸಂದರ್ಭದಲ್ಲಿ. ಹೊರದೇಶಗಳ ಸೆರೆಮನೆಗಳಲ್ಲಿರುವ ನಮ್ಮ ಜನರನ್ನು, ಉಳಿದ ಶಿಕ್ಷೆಯನ್ನು ಇಲ್ಲಿ ಅನುಭವಿಸುವುದಕ್ಕೆಂದು, ತಾಯ್ನಾಡಿಗೆ ಕರೆತರುವ ಒಪ್ಪಂದಗಳ ಪ್ರಸ್ತಾಪ ಬಂದಾಗಲೆಲ್ಲ ವಿದ್ಯಾವಂತರಾದ ಮಹನೀಯರೇ ಈ ಗಾದೆಯನ್ನು ಎತ್ತಿ ಎದುರಿಗೆ ಹಿಡಿಯುತ್ತಾರೆ. "ಅಲ್ಲಿ ಮಾಡಿದ್ದನ್ನು ಅಲ್ಲಿಯೇ ಉಣ್ಣಲಿ, ನಮ್ಮ ತೆರಿಗೆಯ ಹಣದಲ್ಲಿ ಇಲ್ಲಿ ಅವರಿಗೇಕೆ ಅನ್ನ ಹಾಕಬೇಕು?" ಎನ್ನುತ್ತಾರೆ.

ಉಣ್ಣಲಿ ಎಂಬುದರಲ್ಲಿ ನನಗೆ ತಕರಾರಿಲ್ಲ. ಕಳ್ಳನಿಗೆ ಶಿಕ್ಷೆ ಬೇಡವೆಂದು ನಾನು ಹೇಳಹೊರಟಿಲ್ಲ. ಆದರೆ ಗಾದೆ ಹೇಳಿರುವುದು ಉಣ್ಣಬೇಕು ಎಂದು ಮಾತ್ರ. ಎಲ್ಲಿ ಉಣ್ಣಬೇಕು ಎಂಬುದನ್ನು ಅದು ಹೇಳಿಲ್ಲ. ಆ 'ಎಲ್ಲಿ' ಎಂಬ ಪದವನ್ನು ಈ ಮಹನೀಯರು ತಾವಾಗಿ ಸೇರಿಸಿದ್ದಾರೆ. ನನ್ನ ಜಗಳವಿರುವುದು ಆ ಒಂದು ಪದದೊಡನೆ.

ಮೊದಲು ವಿಷಯವೇನೆಂಬುದನ್ನು ತಿಳಿದುಕೊಳ್ಳೋಣ. ನಮ್ಮಲ್ಲಿ ಅಭಿಪ್ರಾಯ ಮೊದಲು ಹುಟ್ಟಿ ತಿಳುವಳಿಕೆ ಆಮೇಲೆ ಬರುವುದೇ ಹೆಚ್ಚು. 1983ರಲ್ಲಿ ಯೂರೋಪಿನ ರಾಷ್ಟ್ರಗಳು ಸ್ಟ್ರಾಸ್‌ಬರ್ಗ್ ನಗರದಲ್ಲಿ ಸೇರಿ ಶಿಕ್ಷೆ ಹೊಂದಿದವರ ವರ್ಗಾವಣೆಯ ಬಗ್ಗೆ ಒಂದು ಒಡಂಬಡಿಕೆ ಮಾಡಿಕೊಂಡವು. ಎರಡು ವರ್ಷಗಳ ಬಳಿಕ ವಿಶ್ವಸಂಸ್ಥೆಯೂ ಇಂಥದೊಂದು ಮಾದರಿ ಒಪ್ಪಂದವನ್ನು ಮುಂದಿಟ್ಟಿತು. ನಮ್ಮ ಸಂಸತ್ತು ಕೈದಿಗಳನ್ನು ಸ್ವದೇಶಕ್ಕೆ ಮರಳಿಸುವ ಕಾಯಿದೆಯನ್ನು 2003ರಲ್ಲಿ ಮಾಡಿತು. ಅದು 2004ರ ಜನವರಿ 1ರಿಂದ ಜಾರಿಗೆ ಬಂತು. ಅಲ್ಲಿಂದೀಚೆಗೆ ಮೂವತ್ತಕ್ಕೂ ಹೆಚ್ಚು ದೇಶಗಳೊಡನೆ ಭಾರತ ಸರ್ಕಾರ ರುಜು ಹಾಕಿದೆ: ಬ್ರಿಟನ್ ಮತ್ತು ಮಾರಿಷಸ್ 2005ರಲ್ಲಿ, ಸೌದಿ ಅರೇಬಿಯ 2010ರಲ್ಲಿ, ಸಂಯುಕ್ತ ಅರಬ್ ಎಮಿರೇಟ್ಸ್ 2011ರಲ್ಲಿ, ಕತಾರ್ 2015ರಲ್ಲಿ. ಪ್ರಧಾನಿಗಳು ಹೋದಾಗ, ದೊರೆಗಳು ಬಂದಾಗ, ಹೂಗುಚ್ಛಗಳ ನಡುವೆ ಒಂದಿಷ್ಟು ಕಾಗದಗಳಿಗೆ ಸಹಿ ಬೀಳುತ್ತದಷ್ಟೆ. ಆ ಕಾಗದಗಳ ಕಟ್ಟಿನಲ್ಲಿ ಇದೂ ಒಂದು.

ಈ ಒಪ್ಪಂದಗಳಲ್ಲಿ ಬಿಡುಗಡೆಯ ಮಾತಿಲ್ಲ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಬೇಕೆನ್ನಿಸುತ್ತದೆ. ಹದಿನೈದು ವರ್ಷ ಶಿಕ್ಷೆಯಾಗಿ ನಾಲ್ಕು ವರ್ಷ ಅಲ್ಲಿ ಕಳೆದವನು ಉಳಿದ ಹನ್ನೊಂದನ್ನು ಇಲ್ಲಿ ಕಳೆಯಬೇಕು, ಅಷ್ಟೆ. ಅದಕ್ಕೂ ಕಟ್ಟುಗಳು ಹಲವು. ತೀರ್ಪು ಅಂತಿಮವಾಗಿರಬೇಕು, ಬೇರೆ ಮೊಕದ್ದಮೆ ಬಾಕಿಯಿರಕೂಡದು, ಮರಣದಂಡನೆಯಾಗಿರಕೂಡದು, ಸಾಮಾನ್ಯವಾಗಿ ಇನ್ನೂ ಆರು ತಿಂಗಳ ಶಿಕ್ಷೆಯಾದರೂ ಉಳಿದಿರಬೇಕು, ಎರಡು ಸರ್ಕಾರಗಳೂ ಒಪ್ಪಬೇಕು, ಎಲ್ಲಕ್ಕಿಂತ ಮಿಗಿಲಾಗಿ, ಕೈದಿ ತಾನಾಗಿ ಒಪ್ಪಬೇಕು. ಇಷ್ಟು ಬೇಲಿಗಳನ್ನು ದಾಟಿ ಬರುವವನು 'ತಪ್ಪಿಸಿಕೊಂಡು' ಬಂದನೆಂದು ಹೇಳುವುದಕ್ಕೆ ಒಂದು ಬಗೆಯ ಧೈರ್ಯವೇ ಬೇಕು.

ದಾಟಿ ಬಂದವರಾದರೂ ಎಷ್ಟು ಮಂದಿ? 2025ರ ಮಾರ್ಚಿಯಲ್ಲಿ ಸಂಸತ್ತಿಗೆ ಸರ್ಕಾರ ಕೊಟ್ಟ ಲೆಕ್ಕದಂತೆ, ವಿಚಾರಣೆಯಲ್ಲಿರುವವರೂ ಸೇರಿ 10,152 ಮಂದಿ ಭಾರತೀಯರು ಪರದೇಶಗಳ ಸೆರೆಮನೆಗಳಲ್ಲಿದ್ದರು. ಸೌದಿ ಅರೇಬಿಯ ಮತ್ತು ಎಮಿರೇಟ್ಸ್ ಎರಡರಲ್ಲಿಯೇ ಐದು ಸಾವಿರಕ್ಕೂ ಹೆಚ್ಚು. ಎರಡರೊಡನೆಯೂ ನಮಗೆ ಒಪ್ಪಂದವುಂಟು. ಆದರೆ ಕಾಯಿದೆ ಹುಟ್ಟಿದ ಮೊದಲ ಹದಿನೈದು ವರ್ಷಗಳಲ್ಲಿ ಎಲ್ಲ ದೇಶಗಳಿಂದಲೂ ಹೀಗೆ ಮರಳಿ ಬಂದವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ಮೂವತ್ತು ಬಾಗಿಲುಗಳಿರುವ ಮನೆಯನ್ನು ಕಟ್ಟಿಸಿ, ಒಂದೊಂದು ಬಾಗಿಲಿಗೂ ತೋರಣ ಕಟ್ಟಿ, ಎಲ್ಲಕ್ಕೂ ಅಗಳಿ ಹಾಕಿಕೊಂಡು ಕೂತ ಯಜಮಾನನನ್ನು ಏನೆಂದು ಕರೆಯೋಣ?

ಇನ್ನು ತೆರಿಗೆಯ ಮಾತು. ತೆರಿಗೆ ಕೊಡುವವರ ಬಾಯಲ್ಲಿ ಅದು ಬಂದರೆ ಗೌರವದಿಂದಲೇ ಕೇಳಬೇಕು, ನಾನೂ ಕೊಡುವವನೆ. ಕೈದಿಯನ್ನು ಕರೆತರುವ ಖರ್ಚು ಸಾಮಾನ್ಯವಾಗಿ ಕರೆಸಿಕೊಳ್ಳುವ ದೇಶದ್ದೇ ಎಂಬುದು ನಿಜ. ಅದರ ಎದುರಿಗೆ ಇನ್ನೊಂದು ಲೆಕ್ಕವನ್ನೂ ಇಡಬೇಕು. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವನು ಸೆರೆಗೆ ಬೀಳುವ ಹಿಂದಿನ ತಿಂಗಳವರೆಗೆ ಇಲ್ಲಿಗೆ ಹಣ ಕಳಿಸಿದ್ದಾನೆ. ಆ ಹಣದಿಂದ ನಮ್ಮೂರಿನಲ್ಲಿ ಮನೆಗಳೆದ್ದಿವೆ, ಅಂಗಡಿಗಳು ತೆರೆದಿವೆ, ತಂಗಿಯರ ಮದುವೆಗಳಾಗಿವೆ, ಬ್ಯಾಂಕುಗಳ ಠೇವಣಿ ಬೆಳೆದಿದೆ. ವಿದೇಶೀ ವಿನಿಮಯವೆಂದು ಹಣಕಾಸಿನ ಮಂತ್ರಿಗಳು ಎಣಿಸಿ ಸಂತೋಷಪಡುವುದು ಅವನ ಬೆವರನ್ನೇ. ಹಣ ಬರುವಾಗ ನಮ್ಮವನು, ಕೋಳ ಬಿದ್ದಾಗ ಅವರವನು! ಇಂಥ ನೆಂಟಸ್ತನವನ್ನು ಸಂತೆಯ ದಲ್ಲಾಳಿಯೂ ಮಾಡಲಾರ.

ನಾನು ಕನ್ನಡದ ಮೇಷ್ಟ್ರು. ಕಾನೂನು ನನ್ನ ವಿಷಯವಲ್ಲ, ಭಾಷೆ ನನ್ನ ವಿಷಯ. ಆದುದರಿಂದ ಈ ಪ್ರಶ್ನೆ ನನ್ನನ್ನು ಹಿಡಿದದ್ದು ಭಾಷೆಯ ಕಡೆಯಿಂದಲೇ. ನಾನಿರುವುದು ಮಂಡಿ ಮೊಹಲ್ಲಾದಲ್ಲಿ. ಇಲ್ಲಿಯ ಬೀದಿಗಳಲ್ಲಿ ಕೊಲ್ಲಿಗೆ ಹೋದವರಿಲ್ಲದ ಸಾಲು ಅಪರೂಪ. ಅರ್ಜಿ ಬರೆಸಿಕೊಳ್ಳುವುದಕ್ಕೆ, ಬಂದ ಕಾಗದ ಓದಿಸುವುದಕ್ಕೆ ಜನ ನನ್ನಲ್ಲಿಗೆ ಬರುತ್ತಾರೆ. ಮೇಷ್ಟ್ರ ಬರವಣಿಗೆಗೆ ಕಚೇರಿಯಲ್ಲಿ ಬೆಲೆಯುಂಟೆಂದು ಅವರ ನಂಬಿಕೆ. ಹಾಗೆ ಬಂದ ಒಬ್ಬ ತಾಯಿಯ ಮಗ ಅಲ್ಲೊಂದು ಊರಿನಲ್ಲಿ ಲಾರಿ ಓಡಿಸುತ್ತಿದ್ದವನು, ಈಗ ಸೆರೆಮನೆಯಲ್ಲಿದ್ದಾನೆ. ಆಕೆಯ ಮನೆಮಾತು ದಖನಿ ಉರ್ದು, ಬೀದಿಯ ಮಾತು ಕನ್ನಡ. ಕೈಯಲ್ಲಿದ್ದ ತೀರ್ಪಿನ ನಕಲು ಅರಬ್ಬಿಯಲ್ಲಿತ್ತು. ಅರಬ್ಬಿ ಓದಬಲ್ಲ ಮೌಲ್ವಿಗಳು ನಮ್ಮ ಮೊಹಲ್ಲಾದಲ್ಲಿ ಇದ್ದಾರೆ. ಅವರು ಅದನ್ನು ಎರಡು ಸಲ ಓದಿ, "ಅಮ್ಮಾ, ನಾವು ಕಲಿತದ್ದು ಕುರಾನಿನ ಅರಬ್ಬಿ, ಇದು ಕೋರ್ಟಿನ ಅರಬ್ಬಿ" ಎಂದು ಹಿಂದಕ್ಕೆ ಕೊಟ್ಟರಂತೆ. ವರ್ಗಾವಣೆಯ ನಿಯಮಗಳನ್ನು ನೋಡೋಣವೆಂದರೆ ಅವು ಕೇಂದ್ರದ ಗೆಜೆಟ್ಟಿನಲ್ಲಿ ಹಿಂದಿಯಲ್ಲಿವೆ, ಇಂಗ್ಲಿಷಿನಲ್ಲಿವೆ. ಶಿಕ್ಷೆ ಅರಬ್ಬಿಯಲ್ಲಿ, ಬಿಡುಗಂಡಿ ಇಂಗ್ಲಿಷಿನಲ್ಲಿ, ತಾಯಿ ಕನ್ನಡದಲ್ಲಿ!

"ಅವನು ಬರಲಿ ಅಂತ ಕೇಳ್ತಾ ಇಲ್ಲ ಮೇಷ್ಟ್ರೇ," ಎಂದಳು ಆಕೆ, "ಜೈಲು ಇಲ್ಲೇ ಇದೆಯಲ್ಲ, ಅಶೋಕ ರಸ್ತೇಲಿ. ಅಲ್ಲಿ ಇಡಲಿ. ತಿಂಗಳಿಗೊಂದು ಸಲ ಮುಖ ನೋಡಿ ಬರ್ತೀನಿ."

ತೆರಿಗೆಯ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ತೋರಿಲ್ಲ. ನ್ಯಾಯಾಧೀಶನು ಆ ಹುಡುಗನಿಗೆ ಕೊಟ್ಟದ್ದು ಇಂತಿಷ್ಟು ವರ್ಷಗಳ ಸೆರೆ. ತಾಯಿಯ ಮುಖ ಕಾಣದಿರುವ ಶಿಕ್ಷೆಯನ್ನು ಅವನು ವಿಧಿಸಲಿಲ್ಲ. ಪಕ್ಕದವನೊಡನೆ ಒಂದು ಮಾತಾಡಲಾಗದ ಶಿಕ್ಷೆಯನ್ನು ವಿಧಿಸಲಿಲ್ಲ. ಕಾವಲಿನವನ ಕೂಗು ಬೈಗುಳವೋ ಊಟದ ಕರೆಯೋ ತಿಳಿಯದೆ ಎದ್ದು ನಿಲ್ಲುವ ಶಿಕ್ಷೆಯನ್ನೂ ವಿಧಿಸಲಿಲ್ಲ. ಇವೆಲ್ಲ ತೀರ್ಪಿನಲ್ಲಿ ಬರೆಯದೆ ಸೇರಿಕೊಂಡ ಶಿಕ್ಷೆಗಳು. ಬಡ್ಡಿಯವನು ಪತ್ರದಲ್ಲಿಲ್ಲದ ಬಡ್ಡಿಯನ್ನು ವಸೂಲು ಮಾಡಿದರೆ ನಾವು ಅನ್ಯಾಯವೆನ್ನುತ್ತೇವೆ. ಇಲ್ಲಿ ಮಾತ್ರ ಗಾದೆ ಹೇಳಿ ಸುಮ್ಮನಾಗುತ್ತೇವೆ.

ಆಕೆಯ ಅರ್ಜಿ ಏನಾಯಿತೆಂದು ಕೇಳುವಿರಿ. ಮಗ ಅಲ್ಲಿ ಒಪ್ಪಿಗೆಗೆ ರುಜು ಹಾಕಿದ್ದಾನೆ. ಆ ಕಾಗದ ದೂತಾವಾಸಕ್ಕೆ ಬಂದು, ದೆಹಲಿಗೆ ಬಂದು, ಅಲ್ಲಿಂದ ನಮ್ಮ ರಾಜ್ಯಕ್ಕೆ ಬಂದಿದೆ. ಸಂವಿಧಾನದ ಏಳನೆಯ ಅನುಸೂಚಿಯಂತೆ ಸೆರೆಮನೆ ರಾಜ್ಯಗಳ ವಿಷಯ. ಕರೆತರುವುದಾಗಿ ಮಾತು ಕೊಡುವುದು ದೆಹಲಿ. ಇಟ್ಟುಕೊಳ್ಳುವ ಕೋಣೆ ಬೆಂಗಳೂರಿನ ಕೈಯಲ್ಲಿದೆ. ಈ ಮನುಷ್ಯ ನಮ್ಮವನು ಹೌದೇ, ವಿಳಾಸ ಸರಿಯೇ, ಯಾವ ಸೆರೆಮನೆಯಲ್ಲಿ ಇಡಬಹುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಬೇಕಾದ ಒಂದು ಕಚೇರಿಯಿದೆ, ಹೆಸರು ಹೇಳುವುದಿಲ್ಲ. ಅಲ್ಲಿ ಆ ಕಾಗದ ಒಂದೂವರೆ ವರ್ಷದಿಂದ 'ಪರಿಶೀಲನೆಯಲ್ಲಿದೆ.' ವಿಚಾರಿಸಲು ನಾನೇ ಎರಡು ಸಲ ಹೋದೆ. ಮೊದಲ ಸಲ ಸಂಬಂಧಪಟ್ಟ ಗುಮಾಸ್ತರು ರಜೆಯ ಮೇಲಿದ್ದರು. ಎರಡನೆಯ ಸಲ ರಜೆಯಿಂದ ಬಂದು ವರ್ಗವಾಗಿ ಹೋಗಿದ್ದರು. ಕೈದಿಯ ವರ್ಗಾವಣೆಗಿಂತ ಗುಮಾಸ್ತರ ವರ್ಗಾವಣೆ ಎಷ್ಟು ಸಲೀಸು ನೋಡಿ.

ಸರ್ಕಾರಕ್ಕೆ ಶಕ್ತಿಯಿಲ್ಲವೆಂದು ಯಾರೂ ತಿಳಿಯಬಾರದು. ಮಲ್ಪೆಯ ಕಡೆಯಿಂದ ಹೋಗಿ ಭೂಗತ ಲೋಕದಲ್ಲಿ ಹೆಸರಾದ ರವಿ ಪೂಜಾರಿಯನ್ನು 2020ರ ಫೆಬ್ರವರಿಯಲ್ಲಿ ನಮ್ಮದೇ ಕರ್ನಾಟಕದ ಪೊಲೀಸರು ಆಫ್ರಿಕದ ಸೆನೆಗಲ್ ದೇಶದಿಂದ ಹಿಡಿದು ತಂದರು. ಒಳ್ಳೆಯ ಕೆಲಸ, ಮೆಚ್ಚತಕ್ಕದ್ದೇ. ಕಡಲಾಚೆಯ ನ್ಯಾಯಾಲಯಗಳ ಮುಂದೆ ಕಾಗದಗಳು ಹೋದವು, ಅಧಿಕಾರಿಗಳು ವಿಮಾನ ಹತ್ತಿದರು, ಕೆಲಸ ಆಯಿತು. ಬರಲೊಲ್ಲದವನನ್ನು ಕರೆತರುವುದಕ್ಕೆ ಇಷ್ಟು ಚುರುಕಾದ ಸರ್ಕಾರ, ಬರುತ್ತೇನೆಂದು ತಾನೇ ರುಜು ಹಾಕಿಕೊಟ್ಟು ಕೂತವನ ವಿಳಾಸವನ್ನು ಖಚಿತಪಡಿಸುವುದಕ್ಕೆ ಒಂದೂವರೆ ವರ್ಷ ತೆಗೆದುಕೊಂಡರೆ ಅದನ್ನು ಅಶಕ್ತಿ ಎನ್ನಲಾಗದು, ಉದಾಸೀನವೆಂದೇ ಹೇಳಬೇಕು.

ಒಪ್ಪಂದಗಳನ್ನು ಹೊಗಳುವ ಪಕ್ಷದವನೂ ನಾನಲ್ಲ. ಅವುಗಳ ಒಳಗೇ ವಕ್ರಗಳಿವೆ. ಸ್ಟ್ರಾಸ್‌ಬರ್ಗಿನ ಒಡಂಬಡಿಕೆಯಲ್ಲಿ ಒಂದು ಷರತ್ತಿದೆ, ಇಂಥ ಒಪ್ಪಂದಗಳಲ್ಲೆಲ್ಲ ಸಾಮಾನ್ಯವಾಗಿ ಅದು ಕಾಣಿಸುತ್ತದೆ: ಯಾವ ಕೃತ್ಯಕ್ಕಾಗಿ ಅಲ್ಲಿ ಶಿಕ್ಷೆಯಾಯಿತೋ ಅದು ಕರೆಸಿಕೊಳ್ಳುವ ದೇಶದಲ್ಲಿಯೂ ಅಪರಾಧವಾಗಿರಬೇಕು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ನಮ್ಮಲ್ಲಿ ಅಪರಾಧವಲ್ಲದ್ದಕ್ಕೆ ನಾವು ಹೇಗೆ ಸೆರೆಯಲ್ಲಿಡೋಣ? ಆದರೆ ಇದರ ಫಲವೇನು, ನೋಡಿ. ನಮ್ಮ ಕರಾವಳಿಯ ಒಬ್ಬರು ಸೌದಿಯಲ್ಲಿ ಇಪ್ಪತ್ತೈದು ವರ್ಷ ದುಡಿದವರು. ಅವರ ಹೆಸರಿನಲ್ಲಿ ಯಾರೋ ಫೇಸ್‌ಬುಕ್ಕಿನಲ್ಲಿ ಕಳ್ಳ ಖಾತೆ ತೆರೆದು ಅಲ್ಲಿಯ ದೊರೆಯನ್ನು ನಿಂದಿಸಿದರೆಂದೂ, ಅದಕ್ಕಾಗಿ ತಮ್ಮ ಪತಿಗೆ ಹದಿನೈದು ವರ್ಷ ಸೆರೆಯಾಯಿತೆಂದೂ ಅವರ ಪತ್ನಿ ನಮ್ಮ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2023ರ ಜೂನಿನಲ್ಲಿ ನ್ಯಾಯಾಲಯವು ಫೇಸ್‌ಬುಕ್ ಕಂಪನಿಯನ್ನು ಗದರಿಸಿದ ಸುದ್ದಿಯನ್ನು ಎಲ್ಲರೂ ಓದಿದ್ದೀರಿ. ಆ ಗದರಿಕೆಯೇ ದಪ್ಪ ಅಕ್ಷರದಲ್ಲಿ ಬಂತು, ಸೆರೆಯಲ್ಲಿದ್ದ ಮನುಷ್ಯ ಸಣ್ಣ ಅಕ್ಷರಕ್ಕೆ ಇಳಿದ. ಪರದೇಶದ ರಾಜನನ್ನು ಬೈದ ಮಾತು ನಮ್ಮ ದೇಶದಲ್ಲಿ ಅಪರಾಧವೇ? ಅಲ್ಲವೆಂದಾದರೆ, ಆ ಷರತ್ತನ್ನು ಅಕ್ಷರಶಃ ಹಿಡಿದಾಗ, ಇಂಥವನಿಗೆ ವರ್ಗಾವಣೆಯ ಬಾಗಿಲು ಮುಚ್ಚಿತು! ಗಾಂಜಾ ಮಾರಿದವನು ಬರಬಹುದು. ಮಾತಿಗೆ ಸಿಕ್ಕಿಬಿದ್ದವನು ಬರಲಾರ. ಎರಡು ದೇಶಗಳ ಕಣ್ಣಿಗೂ ತಪ್ಪು ಮಾಡಿದವನಿಗೆ ತಾಯ್ನಾಡು. ನಮ್ಮ ಕಣ್ಣಿಗೆ ನಿರಪರಾಧಿಯಾದವನಿಗೆ ಪರನಾಡು. ಇಂಥ ಸಂದರ್ಭಗಳಲ್ಲಿ ಒಪ್ಪಂದದ ಪುಟವನ್ನು ಮಡಿಸಿಟ್ಟು, ದೊರೆಯೊಡನೆ ದೊರೆ ಮಾತಾಡುವ ಹಳೆಯ ಹಾದಿಯನ್ನೇ ಹಿಡಿಯಬೇಕು. ಕತಾರಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದ ನೌಕಾದಳದ ಎಂಟು ಮಂದಿ ಮಾಜಿ ನೌಕರರು 2024ರ ಫೆಬ್ರವರಿಯಲ್ಲಿ ಬಿಡುಗಡೆಯಾದದ್ದು ಹಾಗೆಯೇ; 2015ರ ಒಪ್ಪಂದದ ಬಲದಿಂದಲ್ಲ, ಅಲ್ಲಿಯ ಅಮೀರರ ಕ್ಷಮಾದಾನದಿಂದ. ಎಂಟು ಮಂದಿಗೆ ಆಡಿದ ಆ ಮಾತನ್ನು ಲಾರಿ ಚಾಲಕನಿಗಾಗಿ ಯಾರು ಆಡುತ್ತಾರೆ ಎಂಬುದು ಬೇರೆಯ ಪ್ರಶ್ನೆ.

ಇನ್ನೊಂದು ವಕ್ರ ಇದಕ್ಕಿಂತ ಆಳದ್ದು. ಮಾರಿಷಸ್‌ನಲ್ಲಿ ಸುಮಾರು 150 ಗ್ರಾಂ ಹೆರಾಯಿನ್ ಇಟ್ಟುಕೊಂಡಿದ್ದ ಭಾರತೀಯನೊಬ್ಬನಿಗೆ ಅಲ್ಲಿಯ ನ್ಯಾಯಾಲಯ 26 ವರ್ಷ ಶಿಕ್ಷೆ ವಿಧಿಸಿತ್ತು. ಒಪ್ಪಂದದಂತೆ 2016ರಲ್ಲಿ ಅವನನ್ನು ಇಲ್ಲಿಗೆ ತಂದರು. ಅಷ್ಟು ಪ್ರಮಾಣಕ್ಕೆ ನಮ್ಮ ಕಾನೂನಿನಲ್ಲಿ ಹೆಚ್ಚೆಂದರೆ 10 ವರ್ಷ. ಮುಂಬಯಿಯ ಉಚ್ಚ ನ್ಯಾಯಾಲಯ ಅವನ ಪರವಾಗಿ ಹೇಳಿತು. 2022ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿ, ಶಿಕ್ಷೆ ವಿಧಿಸಿದ ದೇಶದ ಅವಧಿಗೆ ನಾವು ಬದ್ಧರು, 26 ಎಂದರೆ 26 ಎಂದಿತು. ಕಾಯಿದೆಯ ಪದಗಳನ್ನು ನೋಡಿದರೆ ತೀರ್ಪು ಹಾಗೆಯೇ ಬರಬೇಕಾಗಿತ್ತೇನೋ. ನ್ಯಾಯಮೂರ್ತಿಗಳ ಮೇಲೆ ನನ್ನ ದೂರಿಲ್ಲ. ದೂರಿರುವುದು ಕಾಯಿದೆ ಬರೆದವರ ಮೇಲೆ. ಸ್ಟ್ರಾಸ್‌ಬರ್ಗಿನ ಒಡಂಬಡಿಕೆ ಎರಡು ದಾರಿಗಳನ್ನು ತೋರಿಸಿತ್ತು: ಹೊರಗಿನ ಶಿಕ್ಷೆಯನ್ನು ಹಾಗೆಯೇ ಮುಂದುವರಿಸುವುದು ಒಂದು, ತನ್ನ ನ್ಯಾಯಾಲಯದ ಮೂಲಕ ತನ್ನ ಕಾನೂನಿಗೆ ತಕ್ಕ ಶಿಕ್ಷೆಯಾಗಿ ಪರಿವರ್ತಿಸಿಕೊಳ್ಳುವುದು ಇನ್ನೊಂದು. ನಾವು ಮೊದಲನೆಯದನ್ನು ಹಿಡಿದೆವು.

ಅದೇ ವರ್ಷದ ಜುಲೈಯಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯದ ಮುಂದೆ ಅಬೂ ಸಲೇಂನ ವಿಷಯ ಬಂತು. 2005ರಲ್ಲಿ ಅವನನ್ನು ಪೋರ್ಚುಗಲ್ಲಿನಿಂದ ತರುವಾಗ, 25 ವರ್ಷಕ್ಕಿಂತ ಹೆಚ್ಚು ಸೆರೆಯಲ್ಲಿಡುವುದಿಲ್ಲವೆಂದು ನಮ್ಮ ಸರ್ಕಾರ ಆ ದೇಶಕ್ಕೆ ಮಾತು ಕೊಟ್ಟಿತ್ತು. ಆ ಮಾತನ್ನು ಉಳಿಸಿಕೊಳ್ಳಬೇಕೆಂದು ನ್ಯಾಯಾಲಯ ಹೇಳಿತು. ಎರಡು ತೀರ್ಪುಗಳಲ್ಲಿಯೂ ತತ್ತ್ವ ಒಂದೇ, ಪರರಾಷ್ಟ್ರಕ್ಕೆ ಕೊಟ್ಟ ವಚನ ನಡೆಯಬೇಕು. ಸರಿ. ಆದರೆ ಮುಂಬಯಿಯ ಬಾಂಬ್ ಸ್ಫೋಟದ ಅಪರಾಧಿಗೆ 25, ಪುಡಿಯ ಪೊಟ್ಟಣ ಹಿಡಿದವನಿಗೆ 26 ಎಂಬ ತಕ್ಕಡಿಯನ್ನು ಕಂಡು, ತೂಕ ತಿಳಿದ ನಮ್ಮ ಮಂಡಿಯ ವ್ಯಾಪಾರಿ ಯಾರಾದರೂ ನಗದೆ ಇರುವನೇ? ಒಬ್ಬನ ಪರವಾಗಿ ಪೋರ್ಚುಗಲ್ ಚೌಕಾಶಿ ಮಾಡಿತು. ಇನ್ನೊಬ್ಬನ ಪರವಾಗಿ ಚೌಕಾಶಿ ಮಾಡಬೇಕಾಗಿದ್ದವರು ನಾವು, ಮಾಡಲಿಲ್ಲ.

ಕರೆತಂದರೆ ಇಲ್ಲಿಯ ಸೆರೆಮನೆಗಳು ಸ್ವರ್ಗವೇ ಎಂದು ಕೇಳುವವರಿದ್ದಾರೆ. ಅಲ್ಲ. ಕೊಲ್ಲಿಯಲ್ಲಿರುವ ಕೈದಿಗಳಲ್ಲಿ ಹಲವರು ಬರಲೊಪ್ಪದಿರುವುದೂ ನಿಜ. ರಂಜಾನಿಗೋ ರಾಷ್ಟ್ರೀಯ ದಿನಕ್ಕೋ ದೊರೆ ಕ್ಷಮಿಸಿಯಾನೆಂಬ ಆಸೆಯನ್ನು ಬಿಟ್ಟು, ಇಲ್ಲಿ ಬಂದು ಪೂರ್ಣಾವಧಿ ಕಳೆಯುವುದೇಕೆ ಎಂದು ಅವರ ಲೆಕ್ಕಾಚಾರ. ಬರುವ, ಬಾರದಿರುವ ತೀರ್ಮಾನ ಅವನದೇ ಆಗಿರಲಿ. ಆದರೆ ಬರಲು ಇಷ್ಟಪಟ್ಟವನಿಗೆ ಇಲ್ಲಿ ದೊರೆಯುವುದೇನೆಂಬುದಕ್ಕೆ ಅಶೋಕ ರಸ್ತೆಯ ನಮ್ಮ ಕೇಂದ್ರ ಕಾರಾಗೃಹವನ್ನೇ ನೋಡಬಹುದು. ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಅಲ್ಲಿಯ ಕೈದಿಗಳಿಂದ ನಾಟಕಗಳನ್ನಾಡಿಸಿದರು. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ಕಥೆಯನ್ನು ಎಚ್. ಎಸ್. ಶಿವಪ್ರಕಾಶರು ಕನ್ನಡದ ಮಣ್ಣಿಗೆ ತಂದ 'ಮಾರನಾಯಕನ ದೃಷ್ಟಾಂತ'ವನ್ನು ಕೊಲೆಯ ಶಿಕ್ಷೆ ಅನುಭವಿಸುತ್ತಿದ್ದವರೇ ಅಭಿನಯಿಸಿದರು. ಕೈಗೆ ಹತ್ತಿದ ರಕ್ತ ತೊಳೆದರೂ ಹೋಗದೆಂಬ ಕಥೆಯನ್ನು ಅವರು ತಮ್ಮ ನುಡಿಯಲ್ಲಿ, ತಮ್ಮ ಊರಿನ ಜನರ ಮುಂದೆ ನಿಂತು ಆಡಬೇಕಾಯಿತು. ಪಶ್ಚಾತ್ತಾಪವೆಂಬುದು ನಾಲಗೆಯಿಲ್ಲದೆ ಹುಟ್ಟುವುದಿಲ್ಲವೆಂದು ನನ್ನ ನಂಬಿಕೆ; ತರಗತಿಯಲ್ಲಿ ಇಪ್ಪತ್ತು ವರ್ಷ ಭಾಷೆಯನ್ನು ಪಾಠ ಮಾಡಿದವನ ಪಕ್ಷಪಾತವೆಂದು ಬೇಕಾದರೆ ಅನ್ನಿ. ಅರಬ್ಬಿ ತಿಳಿಯದ ಹುಡುಗ ಅರಬ್ಬಿ ಸೆರೆಮನೆಯಲ್ಲಿ ದಿನ ಎಣಿಸಿಯಾನು. ಅವನನ್ನು ತಿದ್ದುವುದು ಯಾವ ಮಾತಿನಲ್ಲಿ? ತಿದ್ದುವುದು ಬೇಡ, ಕೊಳೆಯುವುದೇ ಸಾಕು ಎನ್ನುವವರು ಹಾಗೆಂದು ಬಾಯಿಬಿಟ್ಟು ಹೇಳಲಿ. ತೆರಿಗೆಯ ನೆಪ ಬೇಡ.

ನೆರೆಯ ಕೇರಳವನ್ನು ನೋಡಿ ನಾವು ಅಸೂಯೆಪಡಬೇಕಾದ ವಿಷಯಗಳಲ್ಲಿ ಇದೂ ಒಂದು. ಅನಿವಾಸಿ ಕೇರಳೀಯರಿಗೆಂದು ಅವರು 1996ರಲ್ಲಿಯೇ ಪ್ರತ್ಯೇಕ ಇಲಾಖೆ ಮಾಡಿಕೊಂಡರು. ಪರದೇಶದಲ್ಲಿ ಮೊಕದ್ದಮೆಗೆ ಸಿಕ್ಕಿಕೊಂಡವರಿಗೆ ಕಾನೂನಿನ ನೆರವು ನೀಡುವ ವ್ಯವಸ್ಥೆ ಅದರ ಆಶ್ರಯದಲ್ಲಿದೆ. ನಮ್ಮಲ್ಲಿಯೂ ಅನಿವಾಸಿ ಭಾರತೀಯ ಸಮಿತಿ ಎಂಬುದುಂಟು. ಅನಿವಾಸಿ ಎಂದೊಡನೆ ನಮ್ಮವರ ಕಣ್ಣ ಮುಂದೆ ಬರುವುದು ಅಮೆರಿಕದಿಂದ ಬಂಡವಾಳ ತರುವ ಸೂಟುಧಾರಿ. ಸೆರೆಮನೆಯಲ್ಲಿ ಕೂತ ಚಾಲಕನೂ ಅನಿವಾಸಿಯೇ ಎಂಬುದು ಹೊಳೆಯುವುದೇ ಇಲ್ಲ. ಅವನ ಪಾಲಿಗೆ ಅದರಷ್ಟು ನಿಜವಾದ ಪದ ಇನ್ನೊಂದಿದೆಯೇ?

ನಾನು ಕೇಳುವುದು ಹೆಚ್ಚೇನಲ್ಲ. ದೆಹಲಿಯಿಂದ ಬಂದ ಕಾಗದಕ್ಕೆ ರಾಜ್ಯ ಉತ್ತರ ಕೊಡಲು ಗಡುವಿರಲಿ, ಅರವತ್ತು ದಿನವೆನ್ನಿ; ಆ ಗಡುವಿನೊಳಗೆ ಉತ್ತರ ಹೋಗದಿದ್ದರೆ ರಾಜ್ಯ ಒಪ್ಪಿದೆಯೆಂದೇ ದೆಹಲಿ ತಿಳಿಯಲಿ. ನಿಯಮಗಳೂ ಅರ್ಜಿಯ ನಮೂನೆಯೂ ಕನ್ನಡದಲ್ಲಿ ಅಚ್ಚಾಗಿ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಸಿಗಲಿ. ಬೇಕಾದರೆ ಅನುವಾದವನ್ನು ನಾನೇ ಬಿಟ್ಟಿಯಾಗಿ ಮಾಡಿಕೊಡುತ್ತೇನೆ, ಅರಬ್ಬಿಯನ್ನು ಬಿಟ್ಟು. ಅದಕ್ಕೂ ಮೊದಲು ಒಂದು ಕೆಲಸವಿದೆ, ಅದಕ್ಕೆ ಖರ್ಚೇ ಇಲ್ಲ. ನಮ್ಮ ಶಾಸಕರಲ್ಲಿ ಯಾರಾದರೊಬ್ಬರು ಮುಂದಿನ ಅಧಿವೇಶನದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆಯನ್ನು ಹಾಕಲಿ: ಪರದೇಶಗಳ ಸೆರೆಮನೆಗಳಿಂದ ಕರ್ನಾಟಕಕ್ಕೆ ಬರಲು ಒಪ್ಪಿ ರುಜು ಹಾಕಿದವರ ಕಾಗದಗಳು ಎಷ್ಟು ಬಂದಿವೆ, ಯಾವ ಯಾವ ತಾರೀಖಿನಂದು ಬಂದಿವೆ, ಮತ್ತು ಇಂದು ಒಂದೊಂದೂ ಯಾರ ಮೇಜಿನ ಮೇಲಿದೆ?